ಯಾರಾದರೂ ಎಬ್ಬಿಸಿದರೆ

ಐದು ಸಾವಿರ ಮಿಲಿಸೆಕೆಂಡು ಮಲಗು ಎಂದೆ.
ಒಂದೇ ಸಾಲು. ಕಂಪೈಲರ್ ಒಪ್ಪಲಿಲ್ಲ.
ಕೆಂಪು ಗೆರೆ ಎಳೆದು ಕೇಳಿತು:
ಮಲಗಲಿ, ಬೇಡವೆನ್ನುವುದಿಲ್ಲ,
ನಡುವೆ ಯಾರಾದರೂ ಎಬ್ಬಿಸಿದರೆ
ಏನು ಮಾಡುತ್ತಾನೆಂದು
ಈಗಲೇ ಬರೆದುಕೊಡು.

ಎಂಥ ಹಟ.
ಸೊನ್ನೆಯಿಂದ ಭಾಗಿಸಿದರೂ
ಮುಂಚಿತವಾಗಿ ಏನೂ ಕೇಳದ ಜಾವಾ
ಒಂದು ಕೋಳಿನಿದ್ದೆಗೆ ಮುಚ್ಚಳಿಕೆ ಕೇಳುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಕೊನೆಯಿಂದ ಮೂರನೆಯದು. ತಗಡಿಗೆ ಮೂವತ್ತು ವರ್ಷದ ಮಸಿ.
ಪಾಲಿಟೆಕ್ನಿಕ್ಕಿನ ಪಾಠ ಮುಗಿಸಿ, ಸಂಜೆ ಆರರ ಮೇಲೆ,
ತುಂಬಿದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು
ಒಲೆಗೆ ಹೊಟ್ಟು ಊದುವ ಫ್ಯಾನಿಗೊಂದು ಪ್ರೋಗ್ರಾಂ ಬರೆಯುತ್ತಿದ್ದೆ.
ಮರಳಿನ ಬಿಸಿ ನೋಡು, ಫ್ಯಾನು ಏರಿಸು ಇಲ್ಲವೇ ಇಳಿಸು,
ಐದು ಸೆಕೆಂಡು ಮಲಗು, ಮತ್ತೆ ನೋಡು.
ಇಷ್ಟೇ ಅದರ ಬಾಳು.

ಕ್ಯಾಚ್ ಎಂದು ಬರೆದು
ಎರಡು ಬ್ರೇಸಿನ ನಡುವೆ ಏನೂ ಇಡದೆ
ಹಿಡಿದಂತೆ ಮಾಡಿ ಬಿಟ್ಟೆ.
ಕೆಂಪು ಗೆರೆ ಹೋಯಿತು. ಚಹಾ ಬಂತು.

ರಾತ್ರಿ ಎರಡಕ್ಕೆ ದಾದಾಪೀರನ ಫೋನು:
'ಮೇಡಂ, ಸ್ಟಾಪ್ ಒತ್ತಿದ್ರೂ ನಿಲ್ಲವಲ್ದು.
ಹತ್ತು ಸಲ ಒತ್ತೀನಿ.'
ಕೊನೆಗೆ ವೈರನ್ನೇ ಕಿತ್ತನಂತೆ.
ಒಂದೂವರೆ ಚೀಲ ಅಕ್ಕಿ ಕರಕು.

ಬೆಳಿಗ್ಗೆ ಚಮನ್‌ಸಾಬರಿಗೆ ವಿವರಿಸಿದೆ:
ಎಬ್ಬಿಸಿದ್ದು ಅದಕ್ಕೆ ಗೊತ್ತಾಗಿದೆ, ಎದ್ದೂ ಇದೆ, ಹತ್ತು ಸಲವೂ.
ಎದ್ದು, ಏನೂ ಆಗದವರ ಹಾಗೆ
ಒಮ್ಮೆ ಮರಳು ನೋಡಿ, ಮತ್ತೆ ಮಲಗಿದೆ.
ಮುದುಕ ಜರಡಿ ಕೆಳಗಿಟ್ಟು ನಕ್ಕ.
'ಇದು ನಮ್ ಬುಡೇನ್‌ಸಾಬನ ಕಥೀನೇ ಆತಲ್ಲ ತಾಯಿ.
ಮಿಲ್ಲಿನಾಗೆ ರಾತ್ರಿ ಪಾಳಿ. ಏಳಲೇ ಅಂದ್ರೆ ಹೂಂ ಅಂತಿದ್ದ.
ಎದ್ದ ಅಂತ ಎಬ್ಸಿದೋನು ಹೊಂಟೋಗ್ತಿದ್ದ,
ಇವ್ನು ಮಗ್ಗಲಾಗ್ತಿದ್ದ.
ಏಳದೋನ್ನ ಇನ್ನೊಂದ್ಸಲ ಎಬ್ಸಬೋದು.
ಹೂಂ ಅಂದೋನ್ನ ಯಾರೂ ಎಬ್ಸಲ್ಲ.'

ಮೇಲಿನವರಿಗೆ ದಾಟಿಸಿಬಿಡೋಣವೆಂದರೆ
ರನ್ ಎಂಬ ಆ ಮನೆಯ ಕರಾರು ಮೊದಲೇ ಆಗಿಹೋಗಿದೆ,
ಹೊಸ ಷರತ್ತು ಬರೆಯಲು ಅಂಚಿನಲ್ಲೂ ಜಾಗವಿಲ್ಲ.
ಭಟ್ಟಿಯ ರಾತ್ರಿಗೂ ಹಾಗೇ, ಮೇಲೆ ಯಾರಿಲ್ಲ;
ಮಾಲೀಕರು ಫೋನು ಬೋರಲು ಹಾಕಿ ಮಲಗಿರುತ್ತಾರೆ.
ಹಿಡಿಯಬೇಕಾದ್ದು ಇಲ್ಲೇ, ಈ ಹೊಗೆಯಲ್ಲೇ.

ಇನ್ನೊಂದು ಗುಟ್ಟು ತಿಳಿಯಲು ಎರಡು ಸಂಜೆ ಬೇಕಾಯಿತು:
ಎಬ್ಬಿಸಿದ ಗುರುತು
ಎದ್ದ ಕ್ಷಣವೇ ಅಳಿಸಿಹೋಗುತ್ತದೆ.
ಆಮೇಲೆ ಯಾರು ಕೇಳಿದರೂ, ನಿನ್ನನ್ನು ಎಬ್ಬಿಸಿದರಾ,
ಇಲ್ಲ ಎನ್ನುತ್ತದೆ,
ಅದು ಸುಳ್ಳೂ ಅಲ್ಲ.
ಆದ್ದರಿಂದ ಎದ್ದವನೇ
ತನ್ನ ಭುಜವನ್ನು ತಾನೇ ತಟ್ಟಿಕೊಳ್ಳಬೇಕು,
ಬಲವಾಗಿ, ಹೊರಗಿನ ಸುತ್ತಿಗೂ ಕಾಣುವ ಹಾಗೆ:
ಹೌದು, ನನ್ನನ್ನು ಎಬ್ಬಿಸಿದ್ದಾರೆ.

ಖಾಲಿ ಬ್ರೇಸಿನೊಳಗೆ ಆ ಒಂದು ಸಾಲು ಬರೆದೆ.
ಪ್ರತಿ ಸುತ್ತಿನ ಬಾಗಿಲಲ್ಲಿ ಗುರುತು ನೋಡು ಎಂದೆ,
ಹೋಗುವಾಗ ಫ್ಯಾನು ಆರಿಸಿ ಹೋಗು ಎಂದೆ.
ದಾದಾಪೀರ ಸ್ಟಾಪ್ ಒತ್ತಿದ, ಕಣ್ಣು ಮುಚ್ಚಿಕೊಂಡು.
ಗುಂಯ್ಗುಡುವುದು ಇಳಿಯಿತು, ಇನ್ನೂ ಇಳಿಯಿತು, ನಿಂತಿತು.
ಮರಳಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ,
ಅದರೊಳಗೆ ಇನ್ನೂ ನಾಲ್ಕು ಕಾಳು ಪಟಪಟ ಅರಳಿದವು.

ಚಮನ್‌ಸಾಬರು ಚೀಲಗಳ ಮೇಲೆ ಒರಗುತ್ತ ಹುಡುಗನಿಗೆ ಹೇಳುತ್ತಿದ್ದರು,
'ಮೂರಕ್ಕೆ ಎಬ್ಸು. ಹೂಂ ಅಂದ್ರೆ ನಂಬಬ್ಯಾಡ.
ಎದ್ ಕುಂತು ನಿನ್ ಹೆಸ್ರು ಹೇಳೋಗಂಟ ನಿಂತಿರು.'

ಸೋಮವಾರ ಲ್ಯಾಬಿನಲ್ಲಿ
ಹಿಂದಿನ ಸಾಲಿನ ಹಾಲೇಶ ಕೇಳಿದ,
'ಮೇಡಂ, ಕ್ಯಾಚ್ ಖಾಲಿ ಬಿಟ್ರೂ ಓಡುತ್ತಲ್ಲ?'
ಬೋರ್ಡು ಒರೆಸುತ್ತಿದ್ದೆ,
ಹೂಂ, ಅಂದೆ.

ಅಂದಮೇಲೆ
ಡಸ್ಟರ್ ಕೆಳಗಿಟ್ಟು ತಿರುಗಿದೆ.